ಕಂದಕೂರಿನ ಚೇಳು, ನಮ್ಮ ಹೊಲದ ಚೇಳು

ಈ ಹೊತ್ತು ಬೀಜದ ಮಾತಲ್ಲ, ಗೊಬ್ಬರದ ಮಾತೂ ಅಲ್ಲ. ಬೀಜ ಬಿತ್ತುವ ಕೈ, ಕಸ ತೆಗೆಯುವ ಕೈ, ಕುಳ್ಳು ತಟ್ಟುವ ಕೈ ಇವೆಯಲ್ಲ, ಆ ಕೈಗಳ ಮಾತು. ಮುಂಗಾರು ಬಿದ್ದು, ಹೆಸರು ತೊಗರಿ ಎದ್ದು, ಎಡೆ ಹೊಡೆಯುವ ಕೆಲಸ ನಡೆದಿರುವಾಗಲೇ ಶ್ರಾವಣ ಬರುತ್ತದೆ. ಶ್ರಾವಣದ ಹಿಂದೆಯೇ ನಾಗರ ಪಂಚಮಿ. ಜೋಕಾಲಿ ಕಟ್ಟುತ್ತೇವೆ, ಅಳ್ಳು ಹುರಿಯುತ್ತೇವೆ, ಉಂಡಿ ಕಟ್ಟುತ್ತೇವೆ. ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಹುತ್ತಕ್ಕೆ ಹಾಲೆರೆಯುತ್ತೇವೆ. ಆ ದಿನ ನೆಲ ಅಗೆಯಬಾರದು, ಒಲೆಯ ಮೇಲೆ ಹಂಚು ಇಡಬಾರದು ಎಂದು ಹಿರಿಯರು ಹೇಳುತ್ತಾರೆ. ನೆಲದೊಳಗಿರುವ ಜೀವಕ್ಕೆ ನೋವಾಗಬಾರದು ಎಂಬುದು ಅದರ ತಿರುಳು.

ಇದೇ ಪಂಚಮಿಯ ದಿನ ನಮ್ಮ ಯಾದಗಿರಿ ಸೀಮೆಯಲ್ಲಿ ಒಂದು ಸೋಜಿಗ ನಡೆಯುತ್ತದೆ. ನಿಮ್ಮಲ್ಲಿ ಬಹಳ ಜನ ಕಣ್ಣಾರೆ ಕಂಡಿರಬಹುದು. ಕಾಣದವರು ಕೇಳಿಯಾದರೂ ಇರುತ್ತೀರಿ. ಗುರುಮಠಕಲ್ ತಾಲ್ಲೂಕಿನಲ್ಲಿ, ತೆಲಂಗಾಣದ ಗಡಿಗೆ ಸಮೀಪವಾಗಿ, ಕಂದಕೂರು ಎಂಬ ಊರಿದೆ. ಊರ ಬದಿಯ ಗುಡ್ಡದ ಮೇಲೆ ಕೊಂಡಮ್ಮಾಯಿಯ ಗುಡಿ. ತೆಲುಗಿನಲ್ಲಿ ಕೊಂಡ ಎಂದರೆ ಗುಡ್ಡ. ಗಡಿನಾಡಲ್ಲವೆ, ದೇವಿಯ ಹೆಸರಿನಲ್ಲೂ ಎರಡು ಭಾಷೆ ಕೂಡಿವೆ. ಪಂಚಮಿಯ ದಿನ ಗಂಡಸರು, ಹೆಂಗಸರು, ಮಕ್ಕಳು ಸಾಲಾಗಿ ಗುಡ್ಡ ಹತ್ತುತ್ತಾರೆ. ದೇವಿಗೆ ಪೂಜೆಯಾಗುತ್ತದೆ. ಆಮೇಲೆ ಎಲ್ಲರೂ ಅಲ್ಲಲ್ಲಿ ಕುಳಿತು ಕಲ್ಲು ಸರಿಸಿ ಚೇಳು ಹುಡುಕುತ್ತಾರೆ. ಸಿಕ್ಕ ಚೇಳನ್ನು ಅಂಗೈ ಮೇಲೆ ಬಿಟ್ಟುಕೊಳ್ಳುತ್ತಾರೆ. ತೋಳ ಮೇಲೆ, ಮುಖದ ಮೇಲೆ, ಕಡೆಗೆ ನಾಲಿಗೆಯ ಮೇಲೆ ಸಹ ಬಿಟ್ಟುಕೊಳ್ಳುವವರುಂಟು. ಆ ದಿನ ಆ ಗುಡ್ಡದಲ್ಲಿ ಚೇಳು ಕಡಿಯುವುದಿಲ್ಲ ಎಂಬುದು ನಂಬಿಕೆ. ಕಡಿದರೂ ದೇವಿಯ ವಿಭೂತಿ ಹಚ್ಚಿದರೆ ಇಳಿಯುತ್ತದೆ ಎಂಬುದು ಅದರ ಮುಂದಿನ ನಂಬಿಕೆ.

ಚೇಳಿಗೆ ಕೈಮುಗಿಯುವವರು ನಾವೊಬ್ಬರೇ ಅಲ್ಲ. ಕೋಲಾರದಲ್ಲಿ ಕೋಲಾರಮ್ಮನ ಗುಡಿ ಇದೆ. ಅದರ ಆವರಣದಲ್ಲಿಯೇ ಚೇಳಮ್ಮ ಎಂಬ ದೇವಿ ಇದ್ದಾಳೆ. ಚೇಳಿನ ಕಾಟ ಬಾರದಿರಲಿ ಎಂದು ಜನ ಅಲ್ಲಿ ಹರಕೆ ಹೊರುತ್ತಾರೆ. ಒಂದು ಕಡೆ ಕೊಂಡಮ್ಮಾಯಿ, ಇನ್ನೊಂದು ಕಡೆ ಚೇಳಮ್ಮ. ನಾಡಿನ ಎರಡು ತುದಿಯಲ್ಲೂ ಕಲ್ಲು ನೆಲ, ಒಣ ಬೇಸಾಯ. ಕಲ್ಲು ಎತ್ತದೆ ಹೊಲ ಹಸನಾಗುವುದಿಲ್ಲ, ಕಲ್ಲು ಎತ್ತಿದರೆ ಚೇಳು ತಪ್ಪುವುದಿಲ್ಲ. ದಿನ ಬೆಳಗಾದರೆ ಮುಖ ನೋಡಲೇಬೇಕಾದ ನೆರೆಯವನೊಡನೆ ಹೇಗಾದರೂ ಒಂದು ಒಪ್ಪಂದ ಮಾಡಿಕೊಳ್ಳಬೇಕಲ್ಲ. ಈ ಗುಡಿಗಳ ಬೇರು ಅಲ್ಲಿದೆ.

ಕಂದಕೂರಿನ ಸುದ್ದಿ ಕೇಳಿದಾಗ ಜನ ಎರಡು ಬಗೆಯಾಗಿ ಮಾತಾಡುತ್ತಾರೆ. ಒಬ್ಬರು, ಇದೆಲ್ಲ ದೇವಿಯ ಮಹಿಮೆ, ಕೇಳುವುದೇನಿದೆ ಎನ್ನುತ್ತಾರೆ. ಇನ್ನೊಬ್ಬರು, ಇದೆಲ್ಲ ಮೂಢನಂಬಿಕೆ, ನೋಡುವುದೇನಿದೆ ಎನ್ನುತ್ತಾರೆ. ಇಬ್ಬರೂ ಗುಡ್ಡದ ಮೇಲೆ ನಡೆಯುವುದನ್ನು ಸರಿಯಾಗಿ ನೋಡುವುದಿಲ್ಲ. ನಾವು ರೈತರು. ಮೋಡ ನೋಡಿ ಮಳೆ ಹೇಳುವವರು, ಎತ್ತಿನ ನಡೆ ನೋಡಿ ರೋಗ ಹೇಳುವವರು. ನಾವು ನೋಡೋಣ.

ಆ ದಿನ ಕಲ್ಲು ಎತ್ತುವವನು ಹೇಗೆ ಎತ್ತುತ್ತಾನೆ? ಅವನು ಚೇಳನ್ನು ಹುಡುಕುತ್ತಲೇ ಇದ್ದಾನೆ. ಅವನ ಕಣ್ಣು ಕಲ್ಲಿನ ಬುಡದಲ್ಲೇ ಇದೆ. ಹಗಲ ಬೆಳಕಿದೆ. ಸುತ್ತ ಹತ್ತು ಜನರ ಕಣ್ಣಿದೆ. ಚೇಳು ಕೈಗೆ ಬಂದ ಮೇಲೆ ಅದನ್ನು ಹಿಸುಕುವುದಿಲ್ಲ, ಅದರ ಪಾಡಿಗೆ ಹರಿಯಲು ಬಿಡುತ್ತಾರೆ. ಇನ್ನು ನಮ್ಮ ಹೊಲದಲ್ಲಿ ಏನಾಗುತ್ತದೆ? ಬದುವಿನ ಕಲ್ಲನ್ನು ಎತ್ತುವಾಗ ಮನಸ್ಸು ಸಂತೆಯ ಮೇಲಿರುತ್ತದೆ. ಕುಳ್ಳಿನ ರಾಶಿಗೆ ಕೈ ಹಾಕುವಾಗ ಕಣ್ಣು ಒಲೆಯ ಮೇಲಿರುತ್ತದೆ. ಕತ್ತಲಲ್ಲಿ ಚಪ್ಪಲಿಗೆ ಕಾಲು ತೂರಿಸುವಾಗ ಕಣ್ಣಿಗೆ ನಿದ್ದೆ. ಚೇಳು ನಮ್ಮ ಬೆರಳಿನ ಅಡಿಯಲ್ಲಿ ಸಿಕ್ಕಿ ಅದುಮಿಕೊಳ್ಳುತ್ತದೆ. ಅದುಮಿದರೆ ಅದು ಕೊಂಡಿ ಎತ್ತುತ್ತದೆ. ಕಂದಕೂರಿನ ಚೇಳಿಗೂ ನಮ್ಮ ಹೊಲದ ಚೇಳಿಗೂ ಸ್ವಭಾವದಲ್ಲಿ ಭೇದವಿಲ್ಲ. ಭೇದವಿರುವುದು ನಮ್ಮ ಕೈಯಲ್ಲಿ, ನಮ್ಮ ಕಣ್ಣಿನಲ್ಲಿ. ಇಂದು ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಹಾಗಾದರೆ ಚೇಳಿನ ಸ್ವಭಾವವಾದರೂ ಎಂಥದು? ಸ್ವಲ್ಪ ತಿಳಿದುಕೊಳ್ಳೋಣ. ನೆರೆಯವನ ಗುಣ ತಿಳಿದರೆ ಅರ್ಧ ಜಗಳ ಕಡಿಮೆ.

ಚೇಳು ಬಹು ಹಳೆಯ ಜೀವಿ. ಭೂಮಿಯ ಮೇಲೆ 40 ಕೋಟಿ ವರ್ಷಗಳಿಗೂ ಹಿಂದಿನಿಂದ ಚೇಳುಗಳಿವೆ ಎಂದು ಕಲ್ಲಿನಲ್ಲಿ ಉಳಿದ ಅವುಗಳ ಅಚ್ಚು ಹೇಳುತ್ತದೆ. ಇದು ಹುಳುವಿನ ಜಾತಿಯಲ್ಲ, ಜೇಡನ ಬಳಗ. ಎಣಿಸಿ ನೋಡಿದರೆ ಕಾಲು ಎಂಟು. ಮುಂದೆ ಏಡಿಯಂತೆ ಎರಡು ಕೊಂಬುಗೈ, ಹಿಂದೆ ಬಾಲ, ಬಾಲದ ತುದಿಗೆ ವಿಷದ ಕೊಂಡಿ. ಬಾಯಿಂದ ಕಚ್ಚುವುದಲ್ಲ, ಬಾಲದಿಂದ ಚುಚ್ಚುವುದು. ಹಗಲು ಕಲ್ಲಿನಡಿ, ಬಿಲದಲ್ಲಿ, ಮರದ ತೊಗಟೆಯ ಸಂದಿಯಲ್ಲಿ ಅಡಗಿರುತ್ತದೆ. ರಾತ್ರಿ ಹೊರಗೆ ಬಂದು ಬೇಟೆಯಾಡುತ್ತದೆ. ಅದರ ಆಹಾರ ಜಿರಲೆ, ಮಿಡತೆ, ಜೀರುಂಡೆ, ಗೆದ್ದಲು, ಜೇಡ. ನಿಮ್ಮ ಬೆಳೆ ತಿನ್ನುವ ಹುಳುವನ್ನು ತಿನ್ನುವ ಪ್ರಾಣಿ, ನಿಮ್ಮ ಬೆಳೆಯ ಒಂದು ಎಲೆಯನ್ನೂ ಮುಟ್ಟದ ಪ್ರಾಣಿ. ಕೂಲಿ ಕೇಳದ ಕಾವಲುಗಾರ ಎನ್ನಬಹುದು.

ಹಡೆದರೆ ಚೇಳು ಸಾಯುತ್ತದೆ, ಮರಿಗಳು ತಾಯಿಯ ಬೆನ್ನು ತಿಂದು ಹೊರಬರುತ್ತವೆ ಎಂಬ ಮಾತೊಂದಿದೆ. ಇದು ನಿಜವಲ್ಲ. ಚೇಳು ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಹುಟ್ಟಿದ ಬಿಳಿ ಬಿಳಿ ಮರಿಗಳು ತಾಯಿಯ ಬೆನ್ನೇರಿ ಕುಳಿತುಕೊಳ್ಳುತ್ತವೆ. ಮೊದಲ ಪೊರೆ ಕಳಚುವ ತನಕ ತಾಯಿ ಅವನ್ನೆಲ್ಲ ಹೊತ್ತು ತಿರುಗುತ್ತಾಳೆ. ಆಮೇಲೆ ಅವು ಇಳಿದು ತಮ್ಮ ದಾರಿ ಹಿಡಿಯುತ್ತವೆ. ಬೆನ್ನ ಮೇಲೆ ಮರಿಗಳಿದ್ದುದನ್ನು ದೂರದಿಂದ ಕಂಡವರು, ಬೆನ್ನು ತಿನ್ನುತ್ತಿವೆ ಎಂದುಕೊಂಡಿರಬೇಕು.

ವಿಷ ಅದಕ್ಕೆ ಕಷ್ಟದ ಗಳಿಕೆ. ಒಮ್ಮೆ ಖರ್ಚಾದರೆ ಮತ್ತೆ ತುಂಬಲು ದಿನಗಳು ಬೇಕು. ಆದುದರಿಂದ ಸುಮ್ಮಸುಮ್ಮನೆ ಚುಚ್ಚಿ ವಿಷ ಕಳೆದುಕೊಳ್ಳುವ ಮನಸ್ಸು ಅದಕ್ಕಿಲ್ಲ. ಸಣ್ಣ ಬೇಟೆಯನ್ನು ಕೊಂಬುಗೈಯಲ್ಲಿ ಹಿಡಿದೇ ಮುಗಿಸುತ್ತದೆ. ಕೆಲವೊಮ್ಮೆ ಕೊಂಡಿ ತಗಲಿದರೂ ವಿಷ ಇಳಿಸದೆ ಇರುವುದುಂಟು. ಹೆದರಿದಾಗ, ಅದುಮಿದಾಗ, ದಾರಿ ಕಾಣದಾದಾಗ ಮಾತ್ರ ಅದು ತನ್ನ ಗಂಟು ಬಿಚ್ಚುತ್ತದೆ. ಅಂಗೈ ಮೇಲೆ ಬಿಟ್ಟ ಚೇಳು ಸುಮ್ಮನಿರುವುದಕ್ಕೆ ಇದೂ ಒಂದು ಕಾರಣ.

ಇಷ್ಟು ಕೇಳಿ ನೀವು, “ಹಂಗಾದ್ರ ಹೆದರಿಕಿ ಏನದ ರೀ, ನಾವೂ ಹಿಡದು ನೋಡ್ತೀವಿ” ಎನ್ನಬಹುದು. ಬೇಡ. ಇಲ್ಲಿಯೇ ಎಚ್ಚರ ಬೇಕು.

ಚೇಳುಗಳಲ್ಲಿ ಜಾತಿ ಹಲವು. ನಮ್ಮ ಕಡೆ ಜನ ಮುಖ್ಯವಾಗಿ ಎರಡನ್ನು ಗುರುತಿಸುತ್ತಾರೆ. ಒಂದು ಕರಿ ಚೇಳು. ಗಾತ್ರದಲ್ಲಿ ದೊಡ್ಡದು, ಕೊಂಬುಗೈ ಏಡಿಯಂತೆ ದಪ್ಪ, ಬಾಲ ತೆಳು. ನೋಡಿದರೆ ಎದೆ ನಡುಗುತ್ತದೆ. ಆದರೆ ಅದರ ಚುಚ್ಚು ಸಾಮಾನ್ಯವಾಗಿ ನೋವು ಕೊಟ್ಟು ಇಳಿಯುವಂಥದು. ಇನ್ನೊಂದು ಕೆಂಪು ಚೇಳು. ಬೆರಳುದ್ದದ ಸಣ್ಣ ಪ್ರಾಣಿ, ಕೆಂಪು ಮಿಶ್ರಿತ ಕಂದು ಬಣ್ಣ, ಕೊಂಬುಗೈ ತೆಳು, ಬಾಲ ದಪ್ಪ. ನೋಡಿದರೆ, ಇದೇನು ಮಾಡೀತು ಎನಿಸುತ್ತದೆ. ಆದರೆ ಇಡೀ ಜಗತ್ತಿನ ಅಪಾಯಕಾರಿ ಚೇಳುಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಕೈ ದಪ್ಪವಿದ್ದವನಿಗೆ ವಿಷ ಕಡಿಮೆ, ಬಾಲ ದಪ್ಪವಿದ್ದವನಿಗೆ ವಿಷ ಹೆಚ್ಚು. ನೆನಪಿಗೆ ಇಷ್ಟು ಸಾಕು. ಆದರೆ ಈ ಲೆಕ್ಕ ಹಿಡಿದುಕೊಂಡು ಕೈ ಹಾಕಲು ಹೋಗಬಾರದು. ಮುಸ್ಸಂಜೆಯಲ್ಲಿ ಬಣ್ಣವೂ ತಿಳಿಯದು, ಬಾಲವೂ ತಿಳಿಯದು.

ಕೆಂಪು ಚೇಳಿನ ವಿಷ ಹೋಗುವುದು ಎದೆಯ ಮೇಲೆ. ದೊಡ್ಡವರು ಹೇಗೋ ತಡೆದುಕೊಂಡಾರು. ಸಣ್ಣ ಮಕ್ಕಳ ಮೈ ಸಣ್ಣದು, ವಿಷದ ಪ್ರಮಾಣ ಅಷ್ಟೇ. ಆದುದರಿಂದ ಅಪಾಯ ಮಕ್ಕಳಿಗೇ ಹೆಚ್ಚು. ಮೊದಲು ವಾಂತಿ, ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಕೈಕಾಲು ತಣ್ಣಗೆ. ರಕ್ತದ ಒತ್ತಡ ಒಮ್ಮೆಲೆ ಏರುತ್ತದೆ. ಹೃದಯ ದಣಿದು ಕೈಬಿಡುತ್ತ ಬಂದಂತೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮಗುವಿಗೆ ಉಸಿರು ಕಟ್ಟುತ್ತದೆ, ಕೆಮ್ಮಿದರೆ ನೊರೆ ಬರುತ್ತದೆ. ಇದೆಲ್ಲ ಕೆಲವೇ ತಾಸಿನಲ್ಲಿ ಆಗುವ ಕೆಲಸ.

ಈ ಸಾವಿಗೆ ಮದ್ದು ಕಂಡವರ ಕಥೆ ನೀವು ಕೇಳಬೇಕು. ಅವರು ಯಾವ ದೊಡ್ಡ ಶಹರದ ಪಂಡಿತರೂ ಅಲ್ಲ, ನಮ್ಮಂಥ ಹಳ್ಳಿಯ ಡಾಕ್ಟರು. ಡಾಕ್ಟರ್ ಹಿಮ್ಮತರಾವ್ ಬಾವಸ್ಕರ್ 1976ರಲ್ಲಿ ಮಹಾರಾಷ್ಟ್ರದ ಕೊಂಕಣ ಸೀಮೆಯ ಬಿರವಾಡಿ ಎಂಬಲ್ಲಿ ಸರಕಾರಿ ಆರೋಗ್ಯ ಕೇಂದ್ರಕ್ಕೆ ಬಂದರು. ಅಲ್ಲಿ ಕೆಂಪು ಚೇಳು ಕಡಿದವರನ್ನು ಹೊತ್ತು ತರುತ್ತಿದ್ದರು. ಬಂದವರಲ್ಲಿ ಬಹಳ ಜನ ಉಳಿಯುತ್ತಿರಲಿಲ್ಲ. ಏಕೆ ಸಾಯುತ್ತಾರೆ ಎಂಬುದೇ ಆಗ ಸರಿಯಾಗಿ ಗೊತ್ತಿರಲಿಲ್ಲ. ಬಾವಸ್ಕರರು ರೋಗಿಯ ಮಂಚದ ಬದಿಯಲ್ಲೇ ರಾತ್ರಿಯೆಲ್ಲ ಕುಳಿತರು. ನಾಡಿ, ರಕ್ತದೊತ್ತಡ, ಉಸಿರು, ಒಂದೊಂದನ್ನೂ ಬರೆದಿಟ್ಟರು. ಸಾವು ಬರುವುದು ಹೃದಯದ ದಾರಿಯಿಂದ ಎಂದು ಕಂಡುಕೊಂಡರು. ರಕ್ತದೊತ್ತಡ ಇಳಿಸಲು ಬಳಸುತ್ತಿದ್ದ ಪ್ರಾಝೋಸಿನ್ ಎಂಬ ಸಾದಾ, ಅಗ್ಗದ ಮಾತ್ರೆಯನ್ನು ಕೊಟ್ಟು ನೋಡಿದರು. ಜನ ಬದುಕತೊಡಗಿದರು. 1986ರಲ್ಲಿ ಈ ಚಿಕಿತ್ಸೆಯ ವಿಷಯ ಲಂಡನ್ನಿನ ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆಯಲ್ಲಿ ಬಂತು. ಮೊದಲು ಗಂಭೀರ ಸ್ಥಿತಿಯಲ್ಲಿ ಬಂದವರಲ್ಲಿ 100ಕ್ಕೆ 30ರ ಆಸುಪಾಸು ಸಾಯುತ್ತಿದ್ದರೆ, ವೇಳೆಗೆ ಸರಿಯಾಗಿ ಈ ಮಾತ್ರೆ ಸಿಕ್ಕವರಲ್ಲಿ ಸಾವು 100ಕ್ಕೆ 1ರಷ್ಟಕ್ಕೆ ಇಳಿಯಿತು. ಚೇಳಿನ ವಿಷಕ್ಕೆ ಪ್ರತಿವಿಷವೂ ನಮ್ಮ ದೇಶದಲ್ಲಿ ತಯಾರಾಗುತ್ತದೆ. ಪ್ರತಿವಿಷದ ಜೊತೆಗೆ ಈ ಮಾತ್ರೆ ಕೊಟ್ಟರೆ ರೋಗಿ ಬೇಗ ಚೇತರಿಸಿಕೊಳ್ಳುತ್ತಾನೆ ಎಂದು ಅವರೂ ಅವರ ಪತ್ನಿ ಡಾಕ್ಟರ್ ಪ್ರಮೋದಿನಿ ಬಾವಸ್ಕರರೂ ಮಾಡಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. 2022ರಲ್ಲಿ ಬಾವಸ್ಕರರಿಗೆ ಪದ್ಮಶ್ರೀ ಬಂತು. ನೋಡಿರಿ, ಇವರೂ ಮಾಡಿದ್ದು ಗಮನವಿಟ್ಟು ನೋಡಿದ್ದೇ.

ಈಗ ವಿಭೂತಿಯ ಮಾತು. “ನಮ್ಮಜ್ಜಗ ಚೋಳು ಕಡದಿತ್ತು, ಮಂತ್ರಾ ಹಾಕಿದ್ರು, ಮುಂಜಾನಿ ಅನ್ನೂದ್ರಾಗ ಇಳೀತು” ಎಂದು ಪ್ರತಿ ಮನೆಯಲ್ಲೂ ಒಬ್ಬರು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಚೇಳಿನ ಚುಚ್ಚಿನಲ್ಲಿ ಹೆಚ್ಚಿನವು ಬರೀ ನೋವಿನವು. ಮಂತ್ರ ಹಾಕಿದರೂ ಇಳಿಯುತ್ತವೆ, ಹಾಕದಿದ್ದರೂ ಇಳಿಯುತ್ತವೆ. ಆದರೆ ಇಳಿಯದ ವಿಷವೂ ಉಂಟಲ್ಲ? ಅದು ಯಾವುದು ಎಂದು ಕಡಿದ ಗಳಿಗೆಯಲ್ಲಿ ಯಾರಿಗೂ ತಿಳಿಯದು. ನೋವು ಕಡಿಮೆ ಇದೆ, ಆದುದರಿಂದ ಭಯವಿಲ್ಲ ಎಂದೂ ಹೇಳಬರುವುದಿಲ್ಲ. ಕಡಿದ ಜಾಗದಲ್ಲಿ ನೋವು ಅಷ್ಟಕ್ಕಷ್ಟೇ ಇದ್ದು, ಎದೆಯಲ್ಲಿ ವಿಷ ಕೆಲಸ ಮಾಡುತ್ತಿರುವ ಸಂಗತಿ ಉಂಟು. ನಾವು ಕಾಯುತ್ತ ಕೂತ ಆ ಎರಡು ತಾಸೇ ಮಗುವನ್ನು ಉಳಿಸುವ ಎರಡು ತಾಸಾಗಿರುತ್ತದೆ.

ಆದುದರಿಂದ ವಿಭೂತಿ ಹಚ್ಚಿರಿ, ಬೇಡ ಎನ್ನುವುದಿಲ್ಲ. ಹಚ್ಚುತ್ತಲೇ ಗಾಡಿ ಹತ್ತಿಸಿರಿ. ದೇವಿಯ ಹೆಸರು ಹೇಳುವುದಕ್ಕೆ ದಾರಿಯಲ್ಲೂ ಅಡ್ಡಿಯಿಲ್ಲ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಕಡಿದ ಜಾಗಕ್ಕೆ ತಣ್ಣೀರಿನ ಬಟ್ಟೆ ಹಾಕಬಹುದು. ಕೈಗೆ ಕಡಿದಿದ್ದರೆ ಬಳೆ, ಉಂಗುರ ತೆಗೆಯಿರಿ. ಬ್ಲೇಡಿನಿಂದ ಕೊಯ್ಯಬಾರದು, ಬಾಯಿ ಹಚ್ಚಿ ಹೀರಬಾರದು, ಸುಡಬಾರದು, ಸೊಪ್ಪಿನ ರಸ ಕುಡಿಸಬಾರದು. ಪ್ರಾಝೋಸಿನ್ ಹೆಸರು ಕೇಳಿದೆವೆಂದು ಅಂಗಡಿಯಿಂದ ತಂದು ಮನೆಯಲ್ಲೇ ನುಂಗಿಸಲೂಬಾರದು. ಅದು ಒತ್ತಡ ಇಳಿಸುವ ಮದ್ದು, ಲೆಕ್ಕ ತಪ್ಪಿದರೆ ರೋಗಿ ಕುಸಿದು ಬೀಳುತ್ತಾನೆ. ಅದು ಡಾಕ್ಟರರ ಕೈಯಲ್ಲೇ ಇರಬೇಕು.

ಪಂಚಮಿ ಎಂದ ಮೇಲೆ ನಾಗಪ್ಪನ ಮಾತು ಬಿಡಲು ಬರುವುದಿಲ್ಲ. ಚೇಳಿನೊಡನೆ ಇರುವ ನಂಟೇ ಹಾವಿನೊಡನೆಯೂ ಇದೆ, ಇನ್ನೂ ದೊಡ್ಡದಾಗಿ. ಪಂಚಮಿಯ ದಿನ ಕಲ್ಲಿನ ನಾಗಪ್ಪನಿಗೆ ಹಾಲು, ಮರುದಿನ ಹೊಲದಲ್ಲಿ ಕಂಡ ಹಾವಿಗೆ ಬಡಿಗೆ. ಈ ಎರಡು ನಾಲಿಗೆಯ ನಡತೆಯನ್ನು 12ನೆಯ ಶತಮಾನದಲ್ಲೇ ಬಸವಣ್ಣನವರು ಎತ್ತಿ ಆಡಿದ್ದರು. ಇಂದಿಗೂ ನಾವು ತಿದ್ದಿಕೊಂಡಿಲ್ಲ.

ಹಾವು ಹಾಲು ಕುಡಿದು ಬದುಕುವ ಪ್ರಾಣಿಯಲ್ಲ. ಅದರ ಊಟ ಇಲಿ, ಹೆಗ್ಗಣ, ಕಪ್ಪೆ. ಹೆಗ್ಗಣವು ತೆನೆ ಕತ್ತರಿಸಿ ಬಿಲದಲ್ಲಿ ಸೇರುಗಟ್ಟಲೆ ಕಾಳು ಕೂಡಿಡುವುದನ್ನು ನೀವೇ ಅಗೆದು ನೋಡಿದ್ದೀರಿ. ಆ ಬಿಲದೊಳಗೆ ನುಗ್ಗಿ ಹಿಡಿಯಬಲ್ಲವನು ಹಾವಲ್ಲದೆ ಬೇರೆ ಯಾರು? ವಿಷವೇ ಇಲ್ಲದ ಕೇರೆ ಹಾವನ್ನು ಕೊಂದವನು ತನ್ನ ಕಣಜದ ಬಾಗಿಲನ್ನು ತಾನೇ ಇಲಿಗೆ ತೆರೆದಿಟ್ಟಂತೆ.

ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿದು ಸುರಪುರ, ಶಹಾಪುರದ ಹೊಲಗಳಿಗೆ ಕೃಷ್ಣೆಯ ಕಾಲುವೆ ಬಂತು. ಜೋಳದ ನೆಲದಲ್ಲಿ ಭತ್ತ ಬಂತು. ಭತ್ತವಿದ್ದಲ್ಲಿ ಇಲಿ, ನೀರಿದ್ದಲ್ಲಿ ಕಪ್ಪೆ, ಇವೆರಡೂ ಇದ್ದಲ್ಲಿ ಹಾವು. ಗುರುಮಠಕಲ್ ಕಡೆಯ ಒಣ ಕಲ್ಲುನೆಲಕ್ಕೆ ಬೇರೆ ಹಾವು. ಮೈಗೆ ಮೈ ಉಜ್ಜಿ ಗರಗಸದಂತೆ ಸದ್ದು ಮಾಡುವ ಗರಗಸ ಮಂಡಲ ಇಂಥ ನೆಲಕ್ಕೆ ಒಗ್ಗಿದ್ದು. ಗರಗಸ ಮಂಡಲ, ಕೊಳಕು ಮಂಡಲ, ನಾಗರ, ಕಟ್ಟ ಹಾವು, ಈ ನಾಲ್ಕು ನಮ್ಮ ದೇಶದಲ್ಲಿ ಹೆಚ್ಚು ಜೀವ ತೆಗೆಯುವ ಹಾವುಗಳು. ಕಟ್ಟ ಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ನೋವು ಅಷ್ಟಾಗಿ ತಿಳಿಯುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಎಂದು ಏಳುತ್ತಾರೆ, ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ. ಇದನ್ನು ಅಜೀರ್ಣವೆಂದು ಬಗೆಯಬಾರದು.

2000ದಿಂದ 2019ರ ತನಕ 20 ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹಾವು ಕಡಿದು ಸುಮಾರು 12 ಲಕ್ಷ ಜನ ಸತ್ತರೆಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿತು. ವರ್ಷಕ್ಕೆ ಸುಮಾರು 58,000 ಜೀವ. ಹೆಚ್ಚಿನವರು ಹಳ್ಳಿಯವರು. ಹೆಚ್ಚಿನ ಸಾವು ಮಳೆಗಾಲದಲ್ಲಿ. ಕಡಿತ ಹೆಚ್ಚಾಗಿ ಕಾಲಿಗೆ. ಅಂದರೆ ಇದು ಬರಿಗಾಲಲ್ಲಿ ಹೊಲಕ್ಕೆ ಹೋಗುವವರ ಲೆಕ್ಕ, ನಮ್ಮ ಲೆಕ್ಕ. 2024ರಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಸಂಗತಿಗಳಲ್ಲಿ ಸೇರಿಸಿತು. ಎಲ್ಲಿ ಎಷ್ಟು ಕಡಿತ ಎಂದು ಲೆಕ್ಕ ಸಿಕ್ಕರೆ ಅಲ್ಲಿಗೆ ಅಷ್ಟು ಮದ್ದು ಕಳಿಸಬಹುದಲ್ಲವೆ?

ಹಾವಿನ ವಿಷಕ್ಕೆ ಮದ್ದು ಒಂದೇ, ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ. ಅದು ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಆಶ್ಚರ್ಯವಾಗುತ್ತದೆ. ತಮಿಳುನಾಡಿನಲ್ಲಿ ಇರುಳರು ಎಂಬ ಬುಡಕಟ್ಟಿನವರಿದ್ದಾರೆ. ತಲೆತಲಾಂತರದಿಂದ ಹಾವು ಹಿಡಿಯುವುದರಲ್ಲಿ ನುರಿತವರು. ಹಿಂದೆ ಚರ್ಮಕ್ಕಾಗಿ ಹಾವು ಹಿಡಿದು ಮಾರುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆ ಹೊಟ್ಟೆಪಾಡು ನಿಂತಿತು. 1978ರಲ್ಲಿ ಅವರದೇ ಒಂದು ಸಹಕಾರಿ ಸಂಘವಾಯಿತು. ಸರಕಾರದ ಪರವಾನಗಿ ಪಡೆದು ಹಾವು ಹಿಡಿಯುತ್ತಾರೆ, ವಿಷ ಹಿಂಡಿಕೊಳ್ಳುತ್ತಾರೆ, ಹಾವನ್ನು ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷವನ್ನು ಬಹಳ ಸ್ವಲ್ಪ ಸ್ವಲ್ಪವಾಗಿ ಕುದುರೆಗೆ ಚುಚ್ಚುತ್ತಾರೆ. ಕುದುರೆಯ ರಕ್ತದಲ್ಲಿ ವಿಷವನ್ನು ತಡೆಯುವ ಶಕ್ತಿ ಬೆಳೆಯುತ್ತದೆ. ಆ ರಕ್ತದಿಂದ ಪ್ರತಿವಿಷ. ಶಹಾಪುರದಲ್ಲಿ ಹಾವು ಕಡಿದ ರೈತನ ಜೀವ ಉಳಿಯಬೇಕಾದರೆ ಎಲ್ಲಿಯೋ ಒಂದು ಹಾವು ಬದುಕಿರಬೇಕು, ಒಂದು ಕುದುರೆ ಬದುಕಿರಬೇಕು, ಒಬ್ಬ ಇರುಳನ ಕೈ ನಡುಗದೆ ಇರಬೇಕು. 2023ರಲ್ಲಿ ವಡಿವೇಲ್ ಗೋಪಾಲ್, ಮಾಸಿ ಸಡೈಯನ್ ಎಂಬ ಇಬ್ಬರು ಇರುಳರಿಗೆ ಪದ್ಮಶ್ರೀ ಕೊಟ್ಟರು. ಹಾವು ಹಿಡಿಯುವ ವಿದ್ಯೆಗೆ ಸಂದ ಗೌರವ ಅದು.

ಆದರೆ ಅದು ಅವರ ವಿದ್ಯೆ, ನಮ್ಮದಲ್ಲ. ಮಹಾರಾಷ್ಟ್ರದ ಬತ್ತೀಸ್ ಶಿರಾಳ ಎಂಬಲ್ಲಿ ಹಿಂದೆ ಪಂಚಮಿಗೆ ಜೀವಂತ ನಾಗರಗಳನ್ನು ಹಿಡಿದು ಮೆರವಣಿಗೆ ಮಾಡುವ ವಾಡಿಕೆಯಿತ್ತು. ಕಾಯಿದೆಯ ಮೇಲೆ, ಹೈಕೋರ್ಟಿನ ಆದೇಶದ ಮೇಲೆ ಅದಕ್ಕೆ ನಿರ್ಬಂಧ ಬಿತ್ತು. ಗೌರವವೆಂದು ಶುರುವಾದದ್ದು ನೋಡುವವರು ಹೆಚ್ಚಿದಂತೆ ಆಟವಾಗಿಬಿಡುತ್ತದೆ. ಆಟವಾದ ಮೇಲೆ ಪ್ರಾಣಿಗೂ ಕಷ್ಟ, ಮನುಷ್ಯನಿಗೂ ಕಷ್ಟ. ಕಂದಕೂರಿಗೂ ಈ ಮಾತು ಸಲ್ಲುತ್ತದೆ. ಮೊಬೈಲಿನಲ್ಲಿ ಚಿತ್ರ ಬರಲಿ ಎಂದು ಐದು ವರ್ಷದ ಕೂಸಿನ ಕೆನ್ನೆಯ ಮೇಲೆ ಚೇಳು ಬಿಡುವುದು ಭಕ್ತಿಯಲ್ಲ. ಗುಡ್ಡ ಹತ್ತಿರಿ, ಕೈಮುಗಿಯಿರಿ, ಮಕ್ಕಳಿಗೆ ದೂರದಿಂದ ತೋರಿಸಿರಿ. ಚೇಳಿಗೆ ನಮ್ಮ ಪಂಚಾಂಗ ಗೊತ್ತಿಲ್ಲ. ಇಂದು ಪಂಚಮಿ, ಇವರು ಭಕ್ತರು, ಇವರು ನನ್ನ ಗೆಳೆಯರು ಎಂದು ಅದು ತಿಳಿಯುವುದಿಲ್ಲ. ಈ ನಂಟಿನಲ್ಲಿ ತಿಳಿವಳಿಕೆ ಇರಬೇಕಾದದ್ದು ಒಂದೇ ಕಡೆ, ನಮ್ಮ ಕಡೆ.

ಹಾಗಾದರೆ ವರ್ಷದ ಉಳಿದ 364 ದಿನ ನಾವು ಮಾಡಬೇಕಾದುದೇನು? ಖರ್ಚಿಲ್ಲದ ಕೆಲವು ಮಾತು ಹೇಳುತ್ತೇನೆ.

ಕಲ್ಲು ಎತ್ತುವಾಗ ಬೆರಳನ್ನು ಅಡಿಗೆ ತೂರಿಸಬೇಡಿರಿ. ಮೊದಲು ಕೋಲಿನಿಂದಲೋ ಸಲಿಕೆಯಿಂದಲೋ ಮೀಟಿರಿ, ನಿಮ್ಮ ಕಡೆಗಲ್ಲ, ಆಚೆ ಕಡೆಗೆ. ಕುಳ್ಳು, ಕಟ್ಟಿಗೆ, ಕಣಕಿಯ ಬಣವೆ ಮನೆಯ ಗೋಡೆಗೆ ಒರಗಿ ಇರಬಾರದು, ಅಂಗಳದ ಆಚೆ ಇರಲಿ. ಅದರಿಂದ ತೆಗೆಯುವ ಮೊದಲು ಕೋಲಿನಿಂದ ತಟ್ಟಿರಿ. ತಾಯಂದಿರೆ, ಕತ್ತಲಾದ ಮೇಲೆ ಕುಳ್ಳಿನ ರಾಶಿಗೆ ಕೈ ಹಾಕಬೇಡಿರಿ. ಸಂಜೆಗೇ ತಂದಿಟ್ಟುಕೊಳ್ಳಿರಿ. ಚಪ್ಪಲಿ, ಬೂಟು, ಗಳುವಿನ ಮೇಲಿನ ಬಟ್ಟೆ, ಹಾಸಿಗೆ, ಎಲ್ಲವನ್ನೂ ಕೊಡವಿ ಬಳಸಿರಿ. ಮಕ್ಕಳ ಶಾಲೆಯ ಚೀಲವನ್ನು ನೆಲದ ಮೇಲೆ ಬಿಡದೆ ಗೂಟಕ್ಕೆ ಹಾಕಿರಿ. ಗೋಡೆಯ ಬಿರುಕು ಮೆತ್ತಿಸಿರಿ. ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋಗುವಾಗ ಬೂಟು, ಬ್ಯಾಟರಿ, ಕೈಯಲ್ಲಿ ಕೋಲು ಇರಲಿ. ನೆಲ ತಟ್ಟುತ್ತ ನಡೆದರೆ ಹಾವು ತಾನೇ ಸರಿಯುತ್ತದೆ. ಮಲಗುವುದು ಮಂಚದ ಮೇಲೆ ಆದರೆ ಒಳ್ಳೆಯದು. ಸೊಳ್ಳೆಪರದೆಯನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿಕೊಂಡರೆ ಸೊಳ್ಳೆಯೂ ಬಾರದು, ಕಟ್ಟ ಹಾವೂ ಬಾರದು, ಚೇಳೂ ಬಾರದು.

ಇನ್ನೊಂದು ಚಮತ್ಕಾರ ಹೇಳುತ್ತೇನೆ. ನೋಟು ಖರೆಯೋ ಖೋಟಾನೋ ಎಂದು ನೋಡುವ ನೇರಳೆ ಬೆಳಕಿನ ಬ್ಯಾಟರಿ ಇರುತ್ತದಲ್ಲ, ಅದನ್ನು ಕತ್ತಲೆಯಲ್ಲಿ ಚೇಳಿನ ಮೇಲೆ ಬಿಟ್ಟರೆ ಅದರ ಮೈ ಹಸಿರಾಗಿ ಹೊಳೆಯುತ್ತದೆ. ಹಳೆಯ ಕಲ್ಲುಮನೆ, ಜಂತಿಮನೆ ಇದ್ದವರು ಅಂಥದೊಂದು ಬ್ಯಾಟರಿ ಇಟ್ಟುಕೊಂಡು ಮಲಗುವ ಮುನ್ನ ಮೂಲೆ ಮೂಲೆ ನೋಡಬಹುದು. ಕಂಡರೆ ಡಬ್ಬಿ ಮುಚ್ಚಿ, ಅಡಿಯಲ್ಲಿ ದಪ್ಪ ರಟ್ಟು ಸರಿಸಿ, ದೂರ ಒಯ್ದು ಬಿಡಿರಿ.

ಹಾವು ಕಡಿದರೆ ಓಡಬೇಡಿರಿ, ಓಡಿಸಬೇಡಿರಿ. ಕಡಿದ ಕೈ ಅಥವಾ ಕಾಲು ಅಲುಗದಂತೆ ಒಂದು ಪಟ್ಟಿಗೆ ಸಡಿಲವಾಗಿ ಕಟ್ಟಿ, ಮಲಗಿಸಿ ಒಯ್ಯಿರಿ. ರಕ್ತ ನಿಲ್ಲುವಂತೆ ಹಗ್ಗ ಬಿಗಿಯಬೇಡಿರಿ, ಅದರಿಂದ ಕಾಲು ಕೊಳೆಯುವ ಅಪಾಯವುಂಟು. ಹಾವನ್ನು ಕೊಂದು ತರುವ ಅಗತ್ಯವಿಲ್ಲ. ಯಾದಗಿರಿಯ ಜಿಲ್ಲಾ ಆಸ್ಪತ್ರೆಗೋ, ಶಹಾಪುರ, ಸುರಪುರದ ತಾಲ್ಲೂಕು ಆಸ್ಪತ್ರೆಗೋ, ಯಾವುದು ಹತ್ತಿರವೋ ಅಲ್ಲಿಗೆ ನೆಟ್ಟಗೆ ಹೋಗಿರಿ. ನಡುವೆ ಯಾರ ಮನೆಯ ಮುಂದೆಯೂ ಗಾಡಿ ನಿಲ್ಲಿಸಬೇಡಿರಿ.

ಬಾಂಧವರೆ, ಚೇಳು ನಮ್ಮ ಬಂಧುವಲ್ಲ, ವೈರಿಯೂ ಅಲ್ಲ. ಒಂದೇ ಹೊಲದಲ್ಲಿ ಅದರದು ರಾತ್ರಿಯ ಪಾಳಿ, ನಮ್ಮದು ಹಗಲಿನ ಪಾಳಿ. ಅದರ ಜಾಗ ಅದಕ್ಕೆ, ನಮ್ಮ ಜಾಗ ನಮಗೆ. ನಡುವೆ ಒಂದು ಕೋಲಿನ ಅಂತರ ಇರಲಿ. ಇಂದು ರಾತ್ರಿಯೇ ಒಂದು ಕೆಲಸ ಮಾಡಿರಿ. ಮನೆಯ ಮಕ್ಕಳನ್ನು ಹತ್ತಿರ ಕರೆದು, ಚಪ್ಪಲಿ ಕೊಡವಿ ಹಾಕಿಕೊಳ್ಳುವುದನ್ನು ಮಾಡಿ ತೋರಿಸಿರಿ. 108 ಎಂಬ ಅಂಕಿಯನ್ನು ಇದ್ದಲಿನಿಂದ ಬಾಗಿಲ ಹಿಂದೆ ದೊಡ್ಡದಾಗಿ ಬರೆಯಿಸಿರಿ. ಬರೆಯುವ ಕೆಲಸ ಮಕ್ಕಳೇ ಮಾಡಲಿ, ಅವರಿಗೆ ಮರೆಯುವುದಿಲ್ಲ.